ಟಸರ್ ಗೂಡು ಹುಡುಕುವುದು ಹೇಗೆ
ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಬೇಸಿಗೆಯಲ್ಲೇ ಹೋಗಿ. ಮತ್ತಿ ಮರದ ಎಲೆ ಉದುರಿರುತ್ತದೆ, ಟಸರ್ ಎಂಬ ಕಾಡು ರೇಷ್ಮೆ ಹುಳುವಿನ ಗೂಡು ಕಣ್ಣಿಗೆ ಬೀಳುತ್ತದೆ. ಬಾರಿ (ಬೋರೆ ಹಣ್ಣಿನ) ಗಿಡದಲ್ಲೂ ನೋಡಿ, ಮುಳ್ಳು ಜೋಪಾನ. ಬೂದು ಬಣ್ಣದ, ಮೊಟ್ಟೆಯಂಥ ಗಟ್ಟಿ ಗೂಡು ಒಂದು ತೊಟ್ಟಿನಿಂದ ಜೋತಾಡುತ್ತದೆ, ಆ ತೊಟ್ಟಿನ ತುದಿ ಕೊಂಬೆಯನ್ನು ಉಂಗುರದ ಹಾಗೆ ಸುತ್ತಿ ಹಿಡಿದಿರುತ್ತದೆ, ಎಳೆದರೂ ಸುಲಭಕ್ಕೆ ಬರುವುದಿಲ್ಲ. ಕೀಳಬೇಡಿ. ತೊಟ್ಟಿನ ಹತ್ತಿರ ತೂತಿದ್ದರೆ ಅದು ಖಾಲಿ. ತೂತಿಲ್ಲದಿದ್ದರೆ ಜಾಗ ನೆನಪಿಟ್ಟುಕೊಂಡು ಮಳೆ ಶುರುವಾದ ಮೇಲೆ ಸಂಜೆ ಬನ್ನಿ. ಪತಂಗ ಒಂದು ದ್ರವ ಬಿಟ್ಟು ಗೂಡನ್ನು ಮೆತ್ತಗೆ ಮಾಡಿಕೊಂಡು ಹೊರಬರುತ್ತದೆ, ರೆಕ್ಕೆ ಒದ್ದೆ ಬಟ್ಟೆ ಹಿಂಡಿಟ್ಟ ಹಾಗೆ ಮುದುಡಿರುತ್ತದೆ. ಅದು ಬಿಚ್ಚಿಕೊಳ್ಳುವವರೆಗೆ ಮುಟ್ಟಬೇಡಿ. ನಾಲ್ಕೂ ರೆಕ್ಕೆಯಲ್ಲಿ ಗಾಜಿನಂಥ ಕಣ್ಣು! ಸಕ್ಕರೆ ನೀರು ಇಡುವುದೆಲ್ಲ ಸುಮ್ನೆ, ಹುಳುವಾಗಿದ್ದಾಗ ತಿಂದದ್ದೇ ಇದರ ಊಟ, ಈಗ ಏನೂ ತಿನ್ನುವುದಿಲ್ಲ.