ಮೇಯುವ ಜಿಂಕೆ ತಲೆ ಎತ್ತಿದರೆ ಅಲ್ಲೇ ನಿಲ್ಲಿ

ಕಾಡುಪ್ರಾಣಿಗಳ ಫೋಟೋ ತೆಗೆಯಲು ದೊಡ್ಡ ಲೆನ್ಸ್ ಇದ್ದರೆ ಸಾಕು ಅಂದುಕೊಂಡವರೇ ಜಾಸ್ತಿ. 400 ಎಂಎಂ ಲೆನ್ಸ್ ಇದ್ದರೆ ಒಳ್ಳೆಯದೇ, ಇಲ್ಲ ಅನ್ನುವುದಿಲ್ಲ. ಆದರೆ ನಿಮ್ಮನ್ನು ನೋಡಿ ಗಾಬರಿಯಾದ ಪ್ರಾಣಿಯ ಫೋಟೋ ಎಷ್ಟೇ ಶಾರ್ಪ್ ಬಂದರೂ ಅದರಲ್ಲಿ ಕಾಣುವುದು ಗಾಬರಿಯೇ.

ಜಿಂಕೆಯನ್ನೇ ತೆಗೆದುಕೊಳ್ಳಿ. ಮೇಯುತ್ತಿದ್ದದ್ದು ತಟ್ಟನೆ ತಲೆ ಎತ್ತಿ, ಎರಡೂ ಕಿವಿ ನಿಮ್ಮ ಕಡೆ ತಿರುಗಿಸಿತು ಅಂದರೆ ಅದಕ್ಕೆ ನಿಮ್ಮ ಸುಳಿವು ಸಿಕ್ಕಿದೆ. ಆಗ ಅಲ್ಲೇ ನಿಲ್ಲಿ, ಕ್ಯಾಮೆರಾ ಕೂಡ ಎತ್ತಬೇಡಿ, ಅದು ಮತ್ತೆ ಹುಲ್ಲಿಗೆ ಬಾಯಿ ಹಾಕುವವರೆಗೂ ಸುಮ್ನೆ ಕಾಯಿರಿ. ಮುಂಗಾಲು ನೆಲಕ್ಕೆ ಬಡಿಯತೊಡಗಿದರೆ ನಿಧಾನವಾಗಿ ಹಿಂದೆ ಸರಿಯಿರಿ. ಗಾಳಿ ಯಾವಾಗಲೂ ಪ್ರಾಣಿಯ ಕಡೆಯಿಂದ ನಿಮ್ಮ ಕಡೆ ಬೀಸುತ್ತಿರಬೇಕು, ಇಲ್ಲದಿದ್ದರೆ ಎಷ್ಟು ಅಡಗಿ ಕೂತರೂ ವಾಸನೆಯೇ ನಿಮ್ಮನ್ನು ಹಿಡಿದುಕೊಡುತ್ತದೆ. ಹಕ್ಕಿಗಳ ವಿಷಯದಲ್ಲಿ ಇದೇ ಗಾಳಿ ಇನ್ನೊಂದು ಉಪಕಾರ ಮಾಡುತ್ತದೆ: ಅವು ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ ಮೇಲೇಳುತ್ತವೆ, ಕೆಳಗಿಳಿಯುತ್ತವೆ, ಹಾಗಾಗಿ ಗಾಳಿಗೆ ಬೆನ್ನು ಮಾಡಿ ಕೂತರೆ ಮುಖ ಕಾಣುವ ಹಾಗೆ ಸಿಗುತ್ತವೆ.

ಸೆಟ್ಟಿಂಗ್ ವಿಷಯ ಅಷ್ಟು ಕಷ್ಟದ್ದೇನಲ್ಲ. ನಿಂತ ಪ್ರಾಣಿಗೆ ಶಟರ್ ಸ್ಪೀಡ್ (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು) 1/500 ಸೆಕೆಂಡ್, ಓಡುವುದಕ್ಕೆ 1/1000 ಅಥವಾ ಅದಕ್ಕಿಂತ ವೇಗ, ಹಾರುವ ಹಕ್ಕಿಗೆ 1/2000. ಐಎಸ್ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮವಾಗಿರಬೇಕು ಅನ್ನುವ ಸೆಟ್ಟಿಂಗ್, ಆಟೋದಲ್ಲಿ ಬಿಡಿ. ಬೆಳಗಿನ ಮಂದ ಬೆಳಕಲ್ಲಿ ಅದು 3200, 6400ಕ್ಕೆ ಏರಿದರೂ ಹೆದರಬೇಡಿ. ಗ್ರೇನ್ (ಕಾಳುಕಾಳಾದ ಚುಕ್ಕೆ) ಬಂದರೆ ಆಮೇಲೆ ಕಮ್ಮಿ ಮಾಡಬಹುದು, ಅಲುಗಾಡಿದ ಫೋಟೋವನ್ನು ಸರಿ ಮಾಡುವುದು ಕಷ್ಟ, ಅಲ್ವಾ? ಬೆಳ್ಳಕ್ಕಿಯಂಥ ಬಿಳಿ ಹಕ್ಕಿ ಕಡು ಬಣ್ಣದ ನೀರಿನ ಮುಂದೆ ನಿಂತಿದ್ದರೆ ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸಿ (ಅಂದರೆ ಬೆಳಕನ್ನು ಅರ್ಧ ಮಾಡಿ), ಇಲ್ಲದಿದ್ದರೆ ಗರಿಗಳ ಗೆರೆಗಳೆಲ್ಲ ಅಳಿಸಿಹೋಗಿ ಬರೀ ಬಿಳಿ ಮಚ್ಚೆ ಉಳಿಯುತ್ತದೆ. ಫೋಕಸ್ ಕಣ್ಣಿನ ಮೇಲಿರಲಿ. ಸಣ್ಣ ಪ್ರಾಣಿಯಾದರೆ, ಜಾಗ ಸುರಕ್ಷಿತವಾಗಿದ್ದರೆ, ನೆಲಕ್ಕೆ ಒರಗಿ ಅದರ ಕಣ್ಣಿನ ಮಟ್ಟಕ್ಕೇ ಇಳಿಯಿರಿ. ನಿಂತು ಮೇಲಿಂದ ತೆಗೆದದ್ದಕ್ಕೂ ಇದಕ್ಕೂ ಅಜಗಜಾಂತರ.

ಗೂಡಿನ ಹತ್ತಿರ ಮಾತ್ರ ದಯವಿಟ್ಟು ಹೋಗಬೇಡಿ. ತಾಯಿ ಹಕ್ಕಿ ಹೆದರಿ ಎದ್ದು ಹೋದರೆ ಮೊಟ್ಟೆ ತಣ್ಣಗಾಗುತ್ತದೆ. ಅಡ್ಡ ಬಂತು ಅಂತ ಒಂದು ಕೊಂಬೆ ಬಗ್ಗಿಸಿದರೂ ಗೂಡು ಕಾಗೆಯ ಕಣ್ಣಿಗೆ ಬೀಳುತ್ತದೆ. ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯುವುದು, ರಾತ್ರಿ ಗೂಬೆಯ ಮುಖಕ್ಕೆ ಫ್ಲ್ಯಾಶ್ ಹೊಡೆಯುವುದು ಎರಡೂ ಬೇಡ. ಅಪರೂಪದ ಪ್ರಾಣಿ ಸಿಕ್ಕಿದ್ದರೆ ಫೋಟೋ ಹಾಕುವ ಮುಂಚೆ ಅದರಲ್ಲಿರುವ ಜಿಪಿಎಸ್ ಮಾಹಿತಿ (ಫೋಟೋ ತೆಗೆದ ಜಾಗದ ಗುರುತು) ಅಳಿಸಿ, ಬೇಟೆಗಾರರೂ ಅದನ್ನು ನೋಡುತ್ತಾರೆ.