ದಾಸವಾಳದ ಲೋಳೆಗೆ ಸಿಕ್ಕಿದ ಪ್ಯಾರಮೀಸಿಯಂ

"ಪ್ಯಾರಮೀಸಿಯಂ ಚಿತ್ರ ಬರೆಸಿದರೆ ಸಾಕು ಮಾಷ್ಟ್ರೇ, ಮಾರ್ಕು ಬರ್ತದೆ" ಎಂದು ನಕ್ಕವರಿಗೆ ಈಗ ಧೈರ್ಯವಾಗಿ ಹೇಳಬಹುದು. ಕಾಸರಗೋಡಿನ ಬದಿಯಡ್ಕ ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳು, ಕೆರೆ ನೀರಿನ ಒಂದೇ ಕೋಶದ ಜೀವಿ ಪ್ಯಾರಮೀಸಿಯಂ ಎರಡಕ್ಕೆ ಹೋಗುವುದನ್ನು ಕಣ್ಣಾರೆ ಕಂಡಿದ್ದಾರೆ.

ಬೈಹುಲ್ಲು ಕುದಿಸಿ ಆರಿಸಿದ ನೀರಿಗೆ ತೋಟದ ಕೆರೆ ನೀರು ಸೇರಿಸಿಟ್ಟರೆ ವಾರ ಕಳೆಯುವಾಗ ಬೇಕಾದಷ್ಟು ಸಿಗುತ್ತವೆ, ಅದು ನಿಮಗೂ ಗೊತ್ತು. ನೀರಿಗಾಗಿ ಗುಡ್ಡ ಕೊರೆದ ಸುರಂಗದ ನೀರಿನಲ್ಲಿ ನನಗೆ ಒಂದೂ ಸಿಗಲಿಲ್ಲ. ಆದರೆ ತೆಳು ಮಾಡಲು ಅದೇ ಒಳ್ಳೆಯದು, ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ.

ತಲೆನೋವು ಅವುಗಳ ಓಟದ್ದು. 400 ಪಟ್ಟು ದೊಡ್ಡದು ಮಾಡಿದರೆ, ಕಂಡಿತು ಅನ್ನುವಷ್ಟರಲ್ಲಿ ಮಾಯ. ಓಟ ತಡೆಯಲು ಹತ್ತಿ ಎಳೆ ಇಟ್ಟೆ, ಅದರ ಅಡಿಗೇ ಹೋಗಿ ಅಡಗಿದವು. ಗ್ಲಿಸರಿನ್ ಹಾಕಿದೆ, ಮುದುಡಿ ಸತ್ತವು. ನೀರನ್ನು ಮಂದ ಮಾಡುವ ಮೀಥೈಲ್ ಸೆಲ್ಯುಲೋಸ್ ಪುಡಿ ತರಿಸಲು ಹೆಚ್ಚುಕಡಿಮೆ ಸಾವಿರ ರೂಪಾಯಿ ಕೈಯಿಂದ ಹೋಯಿತು. ಕಲಸಿಟ್ಟದ್ದಕ್ಕೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ತಲೆಗೆ ಹಚ್ಚುವ ದಾಸವಾಳ ಸೊಪ್ಪಿನ ಲೋಳೆ. ಕಿವುಚಿ, ಬಟ್ಟೆಯಲ್ಲಿ ಸೋಸಿ, ಸ್ಲೈಡಿಗೆ ಒಂದು ಹನಿ. ಖರ್ಚು ಸೊನ್ನೆ. 

ಹುಳಿಗೆ ನೀಲಿಯಾಗುವ ಕಾಂಗೋ ರೆಡ್ ಎಂಬ ಕೆಂಪು ಬಣ್ಣ ಹಾಕಿ ಕುದಿಸಿದ ಯೀಸ್ಟನ್ನು ತಣಿಸಿ ತಿನ್ನಿಸಿದೆ. ನುಂಗಿದ ಕೆಂಪು ಕಾಳುಗಳು ಆಹಾರ ರಸದಾನಿಯ (ತಿಂದದ್ದು ಜೀರ್ಣವಾಗುವ ಗುಳ್ಳೆಯ) ಹುಳಿಗೆ ನೀಲಿಯಾದವು. ಆಮೇಲೆ ನಿಧಾನಕ್ಕೆ ಮತ್ತೆ ಕೆಂಪಾದವು. ಮುಕ್ಕಾಲು ಗಂಟೆ ಕಾದಿರಬೇಕು. ಬಾಯಿಯಿಂದ ಸ್ವಲ್ಪ ಹಿಂದೆ ಸಣ್ಣ ಸೀಳು ತೆರೆಯಿತು, ಕೆಂಪು ಚೂರುಗಳು ಪುಸಕ್ಕನೆ ಹೊರಬಿದ್ದವು, ಸೀಳು ಮುಚ್ಚಿತು. ಯಾವಾಗ ನೋಡಿದರೂ ಅದೇ ಜಾಗ. ಕ್ಲಾಸಿನಲ್ಲಿ ಎದ್ದ ಬೊಬ್ಬೆಗೆ ಪಕ್ಕದ ಕೋಣೆಯ ಟೀಚರ್ ಓಡಿ ಬಂದರು.

ಮುಂದೊಂದು ಹಿಂದೊಂದು ಇರುವ ಸಂಕುಚಿಸುವ ರಸದಾನಿಗಳದ್ದು ಬೇರೆಯೇ ತಮಾಷೆ. ಸುತ್ತಲ ಕಾಲುವೆಗಳು ತುಂಬಿ ನಕ್ಷತ್ರದ ಹಾಗೆ ಕಾಣುತ್ತವೆ, ನಡುವಿನ ಹನಿ ಉಬ್ಬುತ್ತದೆ, ಟಪ್ಪೆಂದು ಖಾಲಿ. ನನ್ನ ನೆನಪಿಗೆ 10-15 ಸೆಕೆಂಡಿಗೊಮ್ಮೆ. ಸುಮ್ನೆ ನೋಡುವಾ ಎಂದು ತುಸು ಉಪ್ಪು ಬೆರೆಸಿದೆ. ಅರ್ಧ ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು! ಹೊರಗೆ ಉಪ್ಪಿದ್ದರೆ ಒಳಗೆ ನುಗ್ಗುವ ನೀರು ಕಡಿಮೆ, ಅಲ್ವಾ? ಅಂದರೆ ಇದರ ಮುಖ್ಯ ಕೆಲಸ ನೀರು ಹೊರಹಾಕುವುದು. ಮೈಯೊಳಗಿನ ಕಲ್ಮಶವಾದ ಅಮೋನಿಯಾ ಬಹುಪಾಲು ಮೈಯ ಪೊರೆಯಿಂದಲೇ ಸೋರಿಹೋಗುತ್ತದೆ. ಅದನ್ನು ಸ್ಲೈಡಿನಲ್ಲಿ ತೋರಿಸುವ ದಾರಿ ನನಗಿನ್ನೂ ಸಿಕ್ಕಿಲ್ಲ.

ಕಾಂಗೋ ರೆಡ್ ಮಕ್ಕಳ ಕೈಗೆ ಕೊಡಬೇಡಿ, ವಿಷ. ಗ್ಲೌಸ್ ಹಾಕಿ ನಾನೇ ಬೆರೆಸುತ್ತೇನೆ. 25 ಗ್ರಾಂ ಬಾಟ್ಲಿ ತಂದರೆ ಎಷ್ಟೋ ವರ್ಷಕ್ಕೆ ಸಾಕು. ಇಬ್ಬರು ಮೂವರು ಮಾಷ್ಟ್ರುಗಳು ಸೇರಿ ತರಿಸಿದರೆ ಇನ್ನೂ ಅಗ್ಗ.