ಬೇಸಿಗೆಯಲ್ಲೂ ಇನ್ನೂರು ಯೂನಿಟ್‌ ದಾಟದಿರಲು: ಕಲಬುರಗಿಯ ಮನೆಗಳಿಗೊಂದು ಮಾರ್ಗದರ್ಶಿ

ಮಾರ್ಚ್‌ನಿಂದ ಜೂನ್‌ ಮೊದಲ ವಾರದವರೆಗೆ ಕಲಬುರಗಿಯ ಮನೆಗಳಲ್ಲಿ ಕರೆಂಟ್‌ ಹೆಚ್ಚಾಗಿ ಖರ್ಚಾಗುವುದು ಒಳಗೆ ಸೇರಿದ ಕಾವಿನೊಡನೆ ಸೆಣಸುವುದಕ್ಕೆ. ಮನೆಗಳಿಗೆ ಉಚಿತ ವಿದ್ಯುತ್‌ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ 2023ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ ಈ ಖರ್ಚಿಗೆ ಒಂದು ಗಡಿಯೂ ಬಿದ್ದಿದೆ. ನಿಮ್ಮ ಮನೆಗೆ ಉಚಿತವೆಂದು ನಿಗದಿಯಾದ ಯೂನಿಟ್‌ಗಿಂತ ಹೆಚ್ಚು ಬಳಸಿದರೂ ತಿಂಗಳ ಬಳಕೆ ಇನ್ನೂರರೊಳಗಿದ್ದರೆ ಹೆಚ್ಚುವರಿಗಷ್ಟೇ ಹಣ ಕಟ್ಟಬೇಕು. ಇನ್ನೂರು ದಾಟಿದರೆ ಮಾತ್ರ ಆ ತಿಂಗಳ ಬಿಲ್‌ ಪೂರ್ತಿ ನಿಮ್ಮ ಮೇಲೆಯೇ ಬೀಳುತ್ತದೆ. ಹೀಗಾಗಿ ಏಪ್ರಿಲ್‌, ಮೇ ತಿಂಗಳುಗಳಲ್ಲಿ ಹತ್ತಿಪ್ಪತ್ತು ಯೂನಿಟ್‌ ಉಳಿಸಿದರೂ ಅದು ಸಣ್ಣ ಮಾತಲ್ಲ.

ಮೊದಲು ಗಮನ ಕೊಡಬೇಕಾದದ್ದು ಮಾಳಿಗೆಗೆ. ಹಳೆಯ ಮಣ್ಣಿನ ಮಾಳಿಗೆಗಳು ದಪ್ಪವಾಗಿದ್ದುದರಿಂದ ಬಿಸಿಲು ಒಳಗಿಳಿಯುವುದು ನಿಧಾನವಾಗುತ್ತಿತ್ತು. ಇಂದಿನ ಆರ್‌ಸಿಸಿ ಸ್ಲ್ಯಾಬ್‌ ಹಗಲೆಲ್ಲ ಕಾದು, ಮಧ್ಯರಾತ್ರಿಯವರೆಗೂ ಆ ಕಾವನ್ನು ಕೋಣೆಯೊಳಗೆ ಬಿಡುತ್ತಲೇ ಇರುತ್ತದೆ. ಫೆಬ್ರವರಿ ಕೊನೆಯೊಳಗೆ ಮಾಳಿಗೆಯನ್ನು ಗುಡಿಸಿ ತೊಳೆದು, ಹಸಿಯಿರುವಾಗಲೇ ಸಂಜೆಯ ಹೊತ್ತು ಬಿಳಿ ಸುಣ್ಣವನ್ನು ಎರಡು ಸಲ ಬಳಿಯಿಸಿ. ಸುಣ್ಣಕ್ಕೆ ಸ್ವಲ್ಪ ಅಂಟು ಬೆರೆಸಿದರೆ ಅದು ಬೇಗ ಉದುರುವುದಿಲ್ಲ. ಬಳಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ. ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಮಾಡಬೇಕಾದ ಕೆಲಸವಿದು, ಆದರೂ ಇಷ್ಟು ಅಗ್ಗದಲ್ಲಿ ಇಷ್ಟು ಫಲ ಕೊಡುವ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ. ಪಶ್ಚಿಮದ ಕಿಟಕಿಗಳಿಗೆ ಹೊರಗಡೆಯಿಂದ ತಟ್ಟಿ ಕಟ್ಟುವುದು ಒಳಗಿನ ಪರದೆಗಿಂತ ಮೇಲು, ಏಕೆಂದರೆ ಪರದೆಯವರೆಗೆ ಬಂದ ಬಿಸಿಲು ಆಗಲೇ ಮನೆಯೊಳಗೆ ಬಂದಂತೆ.

ಎರಡನೆಯದು ಫ್ಯಾನ್‌. ಹಳೆಯ ಸೀಲಿಂಗ್‌ ಫ್ಯಾನ್‌ ಸುಮಾರು 75 ವ್ಯಾಟ್‌ ಎಳೆದರೆ ಬಿಎಲ್‌ಡಿಸಿ (ಬ್ರಶ್‌ ಇಲ್ಲದ ಡಿಸಿ ಮೋಟರಿನ) ಫ್ಯಾನ್‌ಗೆ 30 ವ್ಯಾಟ್‌ ಆಸುಪಾಸು ಸಾಕು. ದಿನಕ್ಕೆ ಹದಿನೈದು ಗಂಟೆ ತಿರುಗುವ ಮೂರು ಹಳೆಯ ಫ್ಯಾನ್‌ಗಳು ತಿಂಗಳಿಗೆ ನೂರು ಯೂನಿಟ್‌ ತಿನ್ನುತ್ತವೆ, ಅವುಗಳ ಜಾಗದಲ್ಲಿ ಹೊಸವು ನಲವತ್ತರಲ್ಲಿ ಮುಗಿಸುತ್ತವೆ. ಮೂರನ್ನೂ ಒಮ್ಮೆಗೇ ಕೊಳ್ಳಲಾಗದಿದ್ದರೆ ಮಲಗುವ ಕೋಣೆಯ ಫ್ಯಾನ್‌ ಒಂದನ್ನಾದರೂ ಬದಲಿಸಿ. ಬಲ್ಬುಗಳ ವಿಷಯದಲ್ಲಿ, ಎಲ್‌ಇಡಿ ಹಾಕಿಸಿಯಾಗಿದ್ದರೆ ಹೆಚ್ಚೇನೂ ಮಾಡಬೇಕಾಗಿಲ್ಲ.

ಕೂಲರ್‌ ನಮ್ಮ ಒಣ ಹವೆಗೆ ಹೇಳಿ ಮಾಡಿಸಿದ ಯಂತ್ರ. ನೀರು ಆವಿಯಾಗುವಾಗ ಗಾಳಿಯ ಕಾವನ್ನು ಹೀರುತ್ತದೆ, ಗಾಳಿ ಒಣಗಿದ್ದಷ್ಟೂ ತಂಪು ಹೆಚ್ಚು. ಸುಮಾರು 180 ವ್ಯಾಟಿನ ಕೂಲರ್‌ ದಿನಕ್ಕೆ ಹತ್ತು ಗಂಟೆ ನಡೆದರೂ ತಿಂಗಳಿಗೆ 54 ಯೂನಿಟ್‌. ಒಂದೂವರೆ ಟನ್ನಿನ ಎಸಿ ಗಂಟೆಗೆ ಒಂದು ಯೂನಿಟ್‌ ಎಳೆದರೂ, ಎಂಟು ಗಂಟೆಯ ಲೆಕ್ಕದಲ್ಲಿ ಅದೊಂದೇ 240 ಯೂನಿಟ್‌ ಆಗುತ್ತದೆ. ಆದರೆ ಕೂಲರನ್ನು ಮುಚ್ಚಿದ ಕೋಣೆಯೊಳಗಿಟ್ಟರೆ ಅರ್ಧ ಗಂಟೆಯಲ್ಲಿ ಜಿಗುಟು ಸೆಕೆ ಶುರುವಾಗುತ್ತದೆ. ಅದು ಕಿಟಕಿಯ ಹೊರಗಿನಿಂದ ಗಾಳಿ ಎಳೆಯಬೇಕು, ಎದುರಿನ ಕಿಟಕಿಯೋ ಬಾಗಿಲೋ ಒಂದಿಷ್ಟು ತೆರೆದಿರಬೇಕು. ಬೋರ್‌ವೆಲ್‌ ನೀರು ಗಡಸಾಗಿದ್ದರೆ ಕೂಲರಿನ ಬದಿಗಳಲ್ಲಿ ನೀರು ಹೀರುವ ಹುಲ್ಲಿಗೆ ಬಿಳಿ ಪದರು ಕಟ್ಟಿ ಗಾಳಿಯ ದಾರಿ ಮುಚ್ಚುತ್ತದೆ. ಆದ್ದರಿಂದ ವಾರಕ್ಕೊಮ್ಮೆ ತೊಟ್ಟಿಯ ನೀರು ಪೂರ್ತಿ ಚೆಲ್ಲಿ ಒರೆಸಿ (ಸೊಳ್ಳೆಯ ಕಾಟಕ್ಕೂ ಇದೇ ಮದ್ದು), ಹುಲ್ಲನ್ನು ಪ್ರತಿ ಬೇಸಿಗೆಗೆ ಹೊಸದಾಗಿ ಹಾಕಿಸಿ. ಮಳೆ ಹಿಡಿದ ಮೇಲೆ ಹವೆಯಲ್ಲೇ ತೇವ ತುಂಬಿರುವುದರಿಂದ ಕೂಲರಿನ ಪಂಪ್‌ ನಿಲ್ಲಿಸಿ ಬರೀ ಫ್ಯಾನ್‌ ನಡೆಸಬೇಕು.

ಇಷ್ಟೆಲ್ಲ ಮಾಡಿಯೂ ಯೂನಿಟ್‌ ಇಳಿಯದಿದ್ದರೆ ಮೀಟರ್‌ ನೋಡಿ. ಮೇನ್‌ ಸ್ವಿಚ್‌ ಹಾಗೆಯೇ ಬಿಟ್ಟು, ಮನೆಯ ಎಲ್ಲ ಸ್ವಿಚ್‌ಗಳನ್ನು ಆರಿಸಿ, ಫ್ರಿಜ್‌, ಇನ್‌ವರ್ಟರ್‌, ಟಿವಿ, ಸೆಟ್‌ಟಾಪ್‌ ಬಾಕ್ಸ್‌ಗಳ ಪ್ಲಗ್‌ ಕಿತ್ತು, ಮೀಟರಿನ ಕೆಂಪು ದೀಪವನ್ನು ಕಾಲು ಗಂಟೆ ಗಮನಿಸಿ. ಆಗಲೂ ಅದು ಮಿನುಗುತ್ತಿದ್ದರೆ ವೈರಿಂಗಿನಲ್ಲಿ ಎಲ್ಲೋ ಕರೆಂಟ್‌ ಸೋರುತ್ತಿರಬಹುದು. ಅದು ಬಿಲ್ಲಿಗಿಂತ ಜೀವಕ್ಕೆ ದೊಡ್ಡ ಅಪಾಯ, ಆದ್ದರಿಂದ ಅದೇ ದಿನ ಪರವಾನಗಿಯಿರುವ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ತೋರಿಸಿ.